ಸೋಲಾರ್, ಮನೆ ಬ್ಯಾಟರಿ, ಎಲೆಕ್ಟ್ರಿಕ್ ಸ್ಕೂಟರ್: ತುಮಕೂರಿನಲ್ಲಿ ನಾಲ್ಕು ವರ್ಷ ಬಳಸಿದ ಮೇಲೆ

ತಾರಸಿಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ ವಾರವೇ ಮಧ್ಯಾಹ್ನ ಕರೆಂಟ್ ಹೋಯಿತು. ಮೇಲೆ ಸುಡುಬಿಸಿಲು, ಕೆಳಗೆ ಫ್ಯಾನ್ ಬಂದ್. ಲೈನ್ ದುರಸ್ತಿ ಮಾಡುವವರಿಗೆ ಶಾಕ್ ಹೊಡೆಯಬಾರದು ಅಂತ, ಬ್ಯಾಟರಿ ಇಲ್ಲದ ಸೋಲಾರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ನಿಯಮ ಸರಿಯೇ. ಆದರೆ ಹಾಕಿದವರು ಮೊದಲೇ ಹೇಳಬೇಕಿತ್ತು ಅಲ್ವಾ?

ಸ್ಕೂಟರ್ ಬಗ್ಗೆ ನನಗೆ ತೃಪ್ತಿ ಇದೆ. ದಿನಕ್ಕೆ 35 ಕಿಲೋಮೀಟರ್ ಓಡಾಟ, ಒಂದೂಕಾಲು ಯೂನಿಟ್ ಸಾಕು. ಹಳೆಯ ಗಾಡಿಗೆ ಇಷ್ಟಕ್ಕೇ ಮುಕ್ಕಾಲು ಲೀಟರ್ ಪೆಟ್ರೋಲ್ ಬೇಕಿತ್ತು. ಹೊಸದರಲ್ಲಿ ಒಂದು ಚಾರ್ಜ್‌ಗೆ 90 ಕಿಲೋಮೀಟರ್ ಬರುತ್ತಿತ್ತು, ಈಗ 75. ಬೆಂಗಳೂರು ಇಲ್ಲಿಂದ 70. ಆ ಧೈರ್ಯ ಈಗ ಮಾಡುವುದಿಲ್ಲ. ಒಮ್ಮೆ ಒಂದು ಬಿಡಿಭಾಗಕ್ಕಾಗಿ ಗಾಡಿ 18 ದಿನ ಶೋರೂಮಿನಲ್ಲೇ ನಿಂತಿತ್ತು. ಬೀದಿ ಮೆಕ್ಯಾನಿಕ್ ಕೈಲಿ ಆಗುವ ಕೆಲಸವಲ್ಲ ಅದು.

ನಿಜವಾದ ತೊಡಕು ಹೊತ್ತಿನದು. ಒಳ್ಳೆ ಬಿಸಿಲಿದ್ದರೆ ದಿನಕ್ಕೆ 12 ಯೂನಿಟ್ ಬರುತ್ತದೆ, ಜುಲೈ ಮೋಡದಲ್ಲಿ ಅದರ ಅರ್ಧ. ಬಿಸಿಲಿನ ಹೊತ್ತಿಗೆ ಸ್ಕೂಟರ್ ಆಫೀಸಿನಲ್ಲಿರುತ್ತದೆ. ಸಂಜೆ ಏಳಕ್ಕೆ ಮನೆಗೆ ಬಂದು ಪ್ಲಗ್ ಹಾಕಿದಾಗ ಸೂರ್ಯ ಇಲ್ಲ. ಹಗಲಲ್ಲಿ ಲೈನಿಗೆ ಬಿಟ್ಟಿದ್ದು ಬಿಲ್ಲಿನಲ್ಲಿ ಕಳೆಯುತ್ತದೆ, ನಿಜ. ಆದರೆ ಅದನ್ನು ಯಾರೂ ನನಗಾಗಿ ಕೂಡಿಟ್ಟಿರುವುದಿಲ್ಲ. ರಾತ್ರಿ ಗಾಡಿಗೆ ಬರುವುದು ರಾಯಚೂರಿನ ಕಲ್ಲಿದ್ದಲ ಕರೆಂಟೋ ಶರಾವತಿಯ ನೀರಿನದೋ ಆಗಿರುತ್ತದೆ.

ನಮ್ಮ ಜಿಲ್ಲೆಯ ಪಾವಗಡದ್ದೂ ಇದೇ ಕಥೆ. 2,050 ಮೆಗಾವ್ಯಾಟ್ ಸೋಲಾರ್ ಇದ್ದರೂ ಕತ್ತಲಾದರೆ ಏನೂ ಇಲ್ಲ. ಇದಕ್ಕೆಂದೇ ಶರಾವತಿಯಲ್ಲಿ 2,000 ಮೆಗಾವ್ಯಾಟ್‌ನ ಯೋಜನೆ ಹಾಕಿದ್ದಾರೆ. ಕರೆಂಟ್ ಜಾಸ್ತಿ ಇದ್ದಾಗ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುವುದು, ಬೇಕಾದಾಗ ಇಳಿಸಿ ಕರೆಂಟ್ ಮಾಡುವುದು. ಉಪಾಯ ಒಳ್ಳೆಯದೇ, ಆದರೆ ಜಾಗ ಸಿಂಗಳೀಕಗಳ ಕಾಡು. ಆ ಕಾಡಿಗೆ ಕೈ ಹಾಕುವ ಮೊದಲು ಪಾವಗಡದ ಪ್ಯಾನೆಲ್‌ಗಳ ಪಕ್ಕದಲ್ಲೇ ದೊಡ್ಡ ಬ್ಯಾಟರಿ ಇಡಲಿ ಅನ್ನುವವನು ನಾನು.

ಮನೆ ಬ್ಯಾಟರಿ ತಂದು ಎರಡು ವರ್ಷ. ಇನ್ವರ್ಟರ್ ಬದಲಿಸಿ, 5 ಯೂನಿಟ್ ಹಿಡಿಯುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಿದೆ. ಹಳೆ ಯುಪಿಎಸ್ ಬ್ಯಾಟರಿಯ ಹಾಗೆ ನೀರು ತುಂಬುವ ಕೆಲಸವಿಲ್ಲ. ಸಂಜೆಯಿಂದ ಮಲಗುವವರೆಗೆ ದೀಪ, ಫ್ಯಾನ್, ಫ್ರಿಜ್ ಆರಾಮಾಗಿ ನಡೆಯುತ್ತವೆ. ಜೊತೆಗೆ ಸ್ಕೂಟರನ್ನೂ ಹಾಕಿದರೆ ನಡುರಾತ್ರಿಗೇ ಖಾಲಿ. ಹಾಕಿದ ದುಡ್ಡು ಬಿಲ್ಲಿನ ಉಳಿತಾಯದಲ್ಲಿ ಸದ್ಯಕ್ಕೆ ಹುಟ್ಟುವುದಿಲ್ಲ. ಕರೆಂಟ್ ಪದೇಪದೇ ಹೋಗುವ ಊರಾದರೆ ತಗೊಳ್ಳಿ, ಇಲ್ಲವಾದರೆ ಸ್ವಲ್ಪ ಕಾಯಿರಿ.

ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದಿದ್ದು ಒಂದು ಅರ್ಜಿ. ಆಫೀಸಿನ ಪಾರ್ಕಿಂಗಿನಲ್ಲಿ ಪ್ಲಗ್ ಹಾಕಿಸಿಕೊಡಿ ಅಂತ ನಾವು ಮೂವರು ಬರೆದುಕೊಟ್ಟೆವು. ಐದು ತಿಂಗಳು ಹಿಡಿಯಿತು. ಈಗ ಎರಡು ಪ್ಲಗ್ ಇವೆ, ಬಿಸಿಲಿರುವಾಗಲೇ ಸರದಿಯಲ್ಲಿ ಚಾರ್ಜ್ ಮಾಡಿಕೊಳ್ಳುತ್ತೇವೆ.