ಊಟ, ಹೆಣ್ಣು, ಸಣ್ಣಕಥೆ: ಯಾವ ಪುಸ್ತಕ ಕೊಳ್ಳಬೇಕು?

‘ಅಡುಗೆ ಮತ್ತು ಹೆಣ್ಣು’ ಎಂದು ವಸ್ತು ಕೊಟ್ಟು ಹತ್ತಾರು ಜನರಿಂದ ಬರೆಸಿದ ಸಂಕಲನಗಳು ಸೊರಗುವುದು ಹೆಚ್ಚಾಗಿ ಒಂದೇ ಕಡೆ: ಒಗ್ಗರಣೆ ಸಿಡಿದರೆ ಅಜ್ಜಿಯ ನೆನಪು, ಉಪ್ಪು ಹೆಚ್ಚಾದರೆ ದಾಂಪತ್ಯದ ಬಿರುಕು. ಖಾದ್ಯದ ಹೆಸರು ಬದಲಿಸಿದರೂ ಕಥೆ ಕದಲುವುದಿಲ್ಲ. ಅದರ ಬದಲು ಒಬ್ಬರೇ ಬರೆದ ಈ ಎರಡನ್ನು ತೂಗಿ ನೋಡಿ.

ಝುಂಪಾ ಲಾಹಿರಿಯ ‘ಇಂಟರ್‌ಪ್ರಿಟರ್ ಆಫ್ ಮ್ಯಾಲಡೀಸ್’ (1999), 9 ಕಥೆ. ಅಮೆರಿಕದಲ್ಲಿರುವ ಮಿಸೆಸ್ ಸೇನ್ ನೆಲದ ಮೇಲೆ ಕೂತು ಈಳಿಗೆಯಲ್ಲಿ ತರಕಾರಿ ಹೆಚ್ಚುತ್ತಾಳೆ. ತಾಜಾ ಮೀನು ಬೇಕೆಂದರೆ ಕಾರು ಓಡಿಸಬೇಕು, ಅದೇ ಅವಳ ಭಯ. ಮೀನು ತೆಗೆದರೆ ಕಥೆಯೇ ಉಳಿಯದು. ಇನ್ನೊಂದು ಕಥೆಯಲ್ಲಿ, ಮಗು ಕಳೆದುಕೊಂಡ ಶೋಭಾ ಅಡುಗೆ ಬಿಟ್ಟಿದ್ದಾಳೆ. ಪಾಕಪುಸ್ತಕದಲ್ಲಿ ಅವಳು ಪೆನ್ಸಿಲ್ಲಿನಲ್ಲಿ ಬರೆದಿಟ್ಟ ಸೂಚನೆಗಳನ್ನು ನೋಡಿಕೊಂಡು ಗಂಡ ಬೇಯಿಸುತ್ತಾನೆ.

ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ (ದೀಪಾ ಭಾಸ್ತಿ ಅನುವಾದ, 12 ಕಥೆ, 2025ರ ಅಂತರರಾಷ್ಟ್ರೀಯ ಬೂಕರ್) ಊಟದ ಪುಸ್ತಕವಲ್ಲ. ಆದರೂ ಅರೇಬಿಕ್ ಮೇಷ್ಟ್ರ ಗೋಬಿ ಮಂಚೂರಿ ಹುಚ್ಚು ನಗಿಸುತ್ತಲೇ ಹೆಂಡತಿಯ ಮೇಲಿನ ಹಿಂಸೆಗೆ ಹೊರಳುತ್ತದೆ.

ಬೇಯಿಸುವ ಕೈಯ ವಿವರ ಬೇಕಿದ್ದರೆ ಲಾಹಿರಿ, ಉಣ್ಣುವವನ ದರ್ಪ ನೋಡಬೇಕಿದ್ದರೆ ಬಾನು. ಕನ್ನಡ ಬಲ್ಲವರು ಬಾನು ಅವರನ್ನು ಮೂಲದಲ್ಲೇ ಓದಲಿ, ಇಂಗ್ಲಿಷ್ ಪ್ರತಿಗೇಕೆ ದುಡ್ಡು? ವಸ್ತು ಸಂಕಲನವನ್ನೇ ಕೊಳ್ಳುವಿರಾದರೆ ಅಂಗಡಿಯಲ್ಲಿ ಮೊದಲ ಕಥೆ ಬಿಟ್ಟು ನಡುವಿನದೊಂದನ್ನು ಓದಿ. ದುರ್ಬಲ ಕಥೆಗಳು ಅಡಗುವುದು ಅಲ್ಲೇ.