ಮುಂಬಾಗಿಲಿಗೆ ಯಾವ ಬೀಗ? ಐದು ಬಗೆ ಬಳಸಿ ನೋಡಿದ ಮೇಲೆ

ನಮ್ಮ ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ, ಶಾಲೆಗೆ ಹೋಗುವ ಮಗಳಿದ್ದಾಳೆ. ಬೀಗ ಕಳ್ಳನಿಗೆ ಕಷ್ಟವಾದರಷ್ಟೇ ಸಾಲದು, ಇವರಿಬ್ಬರಿಗೂ ಸುಲಭವಾಗಬೇಕು. ಈ ಲೆಕ್ಕದಲ್ಲೇ ಒಂದೊಂದನ್ನೂ ನೋಡಿದೆ.

ಚಿಲಕಕ್ಕೆ ಹಾಕುವ, ಒಳಗೆ ಲಿವರ್ ಎಂಬ ಏಳು ಲೋಹದ ತಗಡುಗಳಿರುವ ಬೀಗ ಕಡಿಮೆ ಖರ್ಚಿನದು, ಗಟ್ಟಿಯದೂ ಹೌದು. ಕೀಲಿಯ ಹಲ್ಲು ಒಳಗಿನ ಪ್ರತಿಯೊಂದು ಲಿವರನ್ನೂ ಸರಿಯಾದ ಎತ್ತರಕ್ಕೆ ಎತ್ತಬೇಕು, ಒಂದು ತಪ್ಪಿದರೂ ಬೀಗ ಬಿಚ್ಚುವುದಿಲ್ಲ. ಲಿವರ್ ಬೀಗಕ್ಕೆ ಹೆಸರಾದ ತಮಿಳುನಾಡಿನ ದಿಂಡಿಗಲ್ಲಿನ ಬೀಗಕ್ಕೆ 2019ರಲ್ಲಿ ಜಿಐ ಟ್ಯಾಗ್ (ಇಂಥ ಊರಿನದೇ ವಿಶೇಷ ವಸ್ತು ಎಂಬ ಸರ್ಕಾರಿ ಮಾನ್ಯತೆ) ಕೂಡ ಸಿಕ್ಕಿದೆ. ಆದರೆ ಕಳ್ಳ ಬೀಗದ ತಂಟೆಗೇ ಹೋಗಬೇಕಿಲ್ಲ. ಚಿಲಕದ ಸಣ್ಣ ಸ್ಕ್ರೂಗಳಿಗೆ ಹಾರೆ ಕೊಟ್ಟು ಮೀಟಿದರೆ ಆಯ್ತು. ಸ್ಕ್ರೂ ಬದಲು ಬಾಗಿಲಿನ ಆಚೆಗೂ ಹಾಯುವ ಬೋಲ್ಟ್ ಹಾಕಿಸಿ, ಒಳಗಿನಿಂದ ನಟ್ ಬಿಗಿಸಬೇಕು. ಅಷ್ಟಾದರೂ ನನಗೆ ಸಮಾಧಾನವಿಲ್ಲ. ಹೊರಗೆ ಬೀಗ ನೇತಾಡುತ್ತಿದ್ದರೆ ಮನೆಯಲ್ಲಿ ಯಾರೂ ಇಲ್ಲ ಅಂತ ಬೀದಿಗೆಲ್ಲ ಹೇಳಿದ ಹಾಗಲ್ವಾ?

ನೈಟ್ ಲ್ಯಾಚ್ ಮಗಳಿಗೆ ಇಷ್ಟ. ಬಾಗಿಲು ಎಳೆದರೆ ತಾನೇ ಬೀಳುತ್ತದೆ. ತೊಂದರೆ ಇರುವುದೂ ಅಲ್ಲೇ. ಕೀಲಿ ಒಳಗಿದ್ದು ಗಾಳಿಗೆ ಬಾಗಿಲು ಬಿದ್ದರೆ ಹೊರಗೇ ನಿಲ್ಲಬೇಕು. ಜೊತೆಗೆ ಅದರ ನಾಲಿಗೆ ಓರೆಯಾಗಿರುತ್ತದೆ, ಹಿಂದೆ ಸ್ಪ್ರಿಂಗ್ ಇರುತ್ತದೆ. ಬಾಗಿಲಿನ ಸಂದಿ ಅಗಲವಿದ್ದರೆ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ತಳ್ಳಬಹುದು. ಕೀಲಿಯನ್ನು ಇನ್ನೊಂದು ಸುತ್ತು ತಿರುಗಿಸಿ ಡೆಡ್‌ಲಾಕ್ ಮಾಡುವ, ಅಂದರೆ ನಾಲಿಗೆ ಹಿಂದೆ ಸರಿಯದ ಹಾಗೆ ಬಿಗಿಯುವ ಮಾದರಿ ಮಾತ್ರ ತಗೊಳ್ಳಿ.

ಹ್ಯಾಂಡಲ್ ಜೊತೆ ಬರುವ ಮಾರ್ಟಿಸ್ ಲಾಕ್ ನೋಡಲು ಚೆಂದ. ಕೀಲಿ ಕಳೆದರೆ ಸಿಲಿಂಡರ್, ಅಂದರೆ ಕೀಲಿ ತೂರುವ ಭಾಗ, ಒಂದನ್ನೇ ಬದಲಿಸಬಹುದು, ಇದು ದೊಡ್ಡ ಅನುಕೂಲ. ಆದರೆ ಬಾಗಿಲಿನ ದಪ್ಪದೊಳಗೇ ಗೂಡು ಕೊರೆಯಬೇಕು. ತೆಳು ಬಾಗಿಲಾದರೆ ಬೀಗ ಕೂತ ಜಾಗವೇ ಬಡಕಲಾಗುತ್ತದೆ. ಸಿಲಿಂಡರ್ ಹೊರಗೆ 3 ಮಿಲಿಮೀಟರ್‌ಗಿಂತ ಜಾಸ್ತಿ ಚಾಚಿರಬಾರದು. ಚಾಚಿದ್ದರೆ ಹಿಡಿದು ಬಗ್ಗಿಸಿದಾಗ, ನಡುವೆ ಸ್ಕ್ರೂ ಕೂರುವ ತೆಳು ಭಾಗದಲ್ಲಿ ಮುರಿಯಬಹುದು. ಬಡಗಿ ಬಾಗಿಲು ಬಿಟ್ಟು ಹೋಗುವ ಮುಂಚೆ ಬೆರಳಿಟ್ಟು ನೋಡಿ.

ಡಿಜಿಟಲ್ ಲಾಕ್ ಬಗ್ಗೆ ನನಗೆ ತುಂಬಾ ಆಸೆ ಇತ್ತು. ಕೆಲಸಕ್ಕೆ ಬರುವವರಿಗೆ ಬೇರೆ ಪಿನ್ ಕೊಟ್ಟು, ಬೇಡವಾದಾಗ ಅಳಿಸಬಹುದು. ಈ ಸೌಲಭ್ಯ ಕೀಲಿಯಲ್ಲಿ ಇಲ್ಲ. ಆದರೆ ಪಾತ್ರೆ ತಿಕ್ಕಿ ಸವೆದ ಅಮ್ಮನ ಬೆರಳನ್ನು ಅದು ಸರಿಯಾಗಿ ಓದುತ್ತಲೇ ಇರಲಿಲ್ಲ. ಅವರು ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ಬೆರಳು ಒತ್ತುವುದನ್ನು ನೋಡಿ ಬೇಜಾರಾಯಿತು. ತಗೊಳ್ಳುವುದಾದರೆ ಬ್ಯಾಟರಿ ಸತ್ತಾಗ ಹೊರಗಿನಿಂದ ಕರೆಂಟ್ ಕೊಡುವ ಜಾಗ ಇದೆಯಾ ನೋಡಿ. ಜೊತೆಗೆ ಬರುವ ಕೀಲಿಯನ್ನು ಮನೆಯೊಳಗೆ ಇಡಬೇಡಿ. ನಂಬಿಕೆಯ ನೆಂಟರ ಮನೆಯಲ್ಲಿಡಿ.

ಕೊನೆಗೆ ನಾನು ಉಳಿಸಿಕೊಂಡಿದ್ದು ನೈಟ್ ಲ್ಯಾಚಿನ ಅಣ್ಣ ಎನ್ನಬಹುದಾದ ಮೂರು ಬೋಲ್ಟ್‌ನ ಲಾಕ್. ಬಾಗಿಲಿನ ಒಳಮೈಗೆ ಕೂರುತ್ತದೆ, ಮರ ಹೆಚ್ಚು ಕೊರೆಯಬೇಕಿಲ್ಲ. ದಪ್ಪ ಬೋಲ್ಟ್‌ಗಳು ಚೌಕಟ್ಟಿನ ಕಡೆಯ ಪಟ್ಟಿಯೊಳಗೆ ಹೋಗುತ್ತವೆ. ಆ ಪಟ್ಟಿಯ ಸ್ಕ್ರೂ ಉದ್ದವಾಗಿದ್ದು ಮರದ ಒಳಕ್ಕೆ ಆಳವಾಗಿ ಇಳಿದಿರಬೇಕು. ಇದರಲ್ಲೂ ಒಳಗಿನಿಂದ ಕೀಲಿಯೇ ಬೇಕಾಗುವ ಮಾದರಿ ಇದೆ, ಅದು ಬೇಡವೇ ಬೇಡ. ಅಡುಗೆಮನೆಯಲ್ಲಿ ಬೆಂಕಿ ಹತ್ತಿದಾಗ ಅಮ್ಮ ಕೀಲಿ ಎಲ್ಲಿ ಅಂತ ಹುಡುಕಬೇಕಾ? ನಮ್ಮದರಲ್ಲಿ ಒಳಗೆ ಗುಂಡಿ ಇದೆ, ತಿರುಗಿಸಿದರೆ ತೆರೆಯುತ್ತದೆ.

ಕೀಲಿ ಮಾತ್ರ ಅಂಗಡಿಯವರು ಕಂಪ್ಯೂಟರ್ ಕೀ ಅನ್ನುವ, ಮೈಮೇಲೆ ಗುಳಿಗಳಿರುವ ಬಗೆಯದೇ ತಂದೆ. ಮಾಮೂಲಿ ಹಲ್ಲಿನ ಕೀಲಿಯನ್ನು ಫುಟ್‌ಪಾತಿನಲ್ಲಿ ನಿಮಿಷಗಳಲ್ಲಿ ನಕಲು ಮಾಡಿಕೊಡುತ್ತಾರೆ. ಇದಕ್ಕೆ ಬೇರೆ ಯಂತ್ರ ಬೇಕು. ಹಳೆಯ ಏಳು ಲಿವರ್ ಬೀಗ ಈಗ ಗೇಟಿಗೆ ಹೋಗಿದೆ. ಅದಕ್ಕೆ ಕೊಬ್ಬರಿ ಎಣ್ಣೆ ಬಿಡುವುದನ್ನು ನಿಲ್ಲಿಸಿ ಗ್ರಾಫೈಟ್ ಪುಡಿ ಹಾಕುತ್ತಿದ್ದೇನೆ. ಎಣ್ಣೆಗೆ ಧೂಳು ಮೆತ್ತಿಕೊಳ್ಳುತ್ತದೆ.