ಬಾರ್ಬಿಯೋ, ಲೆಗೋನೋ?

ವಾರಾಂತ್ಯಕ್ಕೆ ಆಟಿಕೆ ಆಧರಿಸಿದ ಒಂದು ನಗೆಚಿತ್ರ ಬೇಕು ಅಂದರೆ ನನ್ನ ಮಟ್ಟಿಗೆ ಪೈಪೋಟಿ 2014ರ ‘ದಿ ಲೆಗೋ ಮೂವಿ’ಗೂ (ಲೆಗೋ ಅಂದರೆ ಜೋಡಿಸಿ ಆಡುವ ಪ್ಲಾಸ್ಟಿಕ್ ತುಂಡುಗಳು) 2023ರ ‘ಬಾರ್ಬಿ’ಗೂ. ತಾವು ಸರಕು ಮಾರುವ ಸಿನಿಮಾ ಎಂಬುದು ಎರಡಕ್ಕೂ ಚೆನ್ನಾಗಿ ಗೊತ್ತು, ಅದನ್ನೇ ಹಿಡಿದು ನಗಿಸುತ್ತವೆ. ತಮಾಷೆ ನೋಡಿ, ಎರಡರಲ್ಲೂ ಕಂಪನಿ ಯಜಮಾನನ ಪಾತ್ರ ನಟ ವಿಲ್ ಫೆರೆಲ್‌ಗೇ ಸಿಕ್ಕಿದೆ!

ಮನೆಯಲ್ಲಿ ಏಳೆಂಟು ವರ್ಷದ ಮಕ್ಕಳಿದ್ದರೆ ಯೋಚಿಸಬೇಡಿ, ಲೆಗೋ ಹಾಕಿ. 100 ನಿಮಿಷದ ಅನಿಮೇಷನ್. ಕಡಲ ಅಲೆಯೂ ಪ್ಲಾಸ್ಟಿಕ್ ತುಂಡುಗಳದ್ದೇ. ಬೆನ್ನಿ ಎಂಬ ನೀಲಿ ಗಗನಯಾತ್ರಿಯ ಹೆಲ್ಮೆಟ್ ಗಲ್ಲದ ಹತ್ತಿರ ಮುರಿದಿರುವುದನ್ನು ಗಮನಿಸಿ. 1980ರ ದಶಕದ ಅಸಲಿ ಗೊಂಬೆಗಳೂ ಅಲ್ಲೇ ಮುರಿಯುತ್ತಿದ್ದವು. ಇನ್ನು ಖಳನ ಮಹಾ ಅಸ್ತ್ರ ‘ಕ್ರಾಗಲ್’ ಅಂದರೆ ಹೆಸರಿನ ಕೆಲವು ಅಕ್ಷರಗಳು ಅಳಿಸಿಹೋದ ಅಂಟಿನ ಟ್ಯೂಬು, ಅಷ್ಟೇ.

ಗ್ರೆಟಾ ಗರ್ವಿಗ್ ನಿರ್ದೇಶನದ ಬಾರ್ಬಿ ದೊಡ್ಡವರ ಹಾಸ್ಯ. ಸದಾ ತುದಿಗಾಲಲ್ಲೇ ನಡೆಯುತ್ತಿದ್ದವಳ ಹಿಮ್ಮಡಿ ಒಂದು ದಿನ ನೆಲಕ್ಕೆ ತಾಗುತ್ತದೆ. ಗೆಳತಿಯರು ಅಸಹ್ಯದಿಂದ ಚೀರುತ್ತಾರೆ. ಮುಂದೆ ಅವಳು ತಾನು ಚೆಂದವಿಲ್ಲ ಎಂದು ಅಳುವಾಗ ನಿರೂಪಕಿ ನಡುವೆ ಬಾಯಿ ಹಾಕಿ, ಈ ಮಾತು ಹೇಳಿಸಲು ಬಾರ್ಬಿ ಪಾತ್ರಕ್ಕೆ ಚೆಲುವೆ ಮಾರ್ಗೋ ರಾಬಿಯನ್ನು ಹಾಕಿಕೊಂಡವರ ಕಾಲೆಳೆಯುತ್ತಾಳೆ. ಬಾರ್ಬಿಯ ಜೊತೆಗಾರ ಗೊಂಬೆ ಕೆನ್ ಆಗಿ ರಯಾನ್ ಗೋಸ್ಲಿಂಗ್ ಮಾತ್ರ ಕೈಗೆ ಸಿಕ್ಕ ದೃಶ್ಯವನ್ನೆಲ್ಲ ದೋಚಿಬಿಡುತ್ತಾರೆ. ಕೊನೆಕೊನೆಗೆ ಭಾಷಣ ಸ್ವಲ್ಪ ಜಾಸ್ತಿಯೇ.

ಕಥೆಯ ಕಟ್ಟು ಲೆಗೋದ್ದೇ ಗಟ್ಟಿ, ನನ್ನ ಓಟು ಅದಕ್ಕೆ. ಆದರೆ ಹದಿಹರೆಯದ ಮಗಳ ಜೊತೆ ಅಮ್ಮ ಕೂತು ನೋಡುವುದಾದರೆ ಬಾರ್ಬಿಯನ್ನೇ ಹಾಕಿ.